ಕುಡಿಯುವ ನೀರು ಬದಲಾಯಿಸಿದಿರಿ, ಅಡುಗೆಯ ನೀರು?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ನಾನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ. ಊರಿನ ಬೋರ್ ನೀರನ್ನು ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಲೀಟರಿಗೆ 3 ಮಿ.ಗ್ರಾಂ. ಬಂತು. ಮೂರು ವರ್ಷದಿಂದ ಮಕ್ಕಳಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಸುತ್ತಿದ್ದೇವೆ. ಆದರೂ ಎರಡನೇ ತರಗತಿ ಮಕ್ಕಳಿಗೆ ಹೊಸದಾಗಿ ಬಂದ ಹಲ್ಲುಗಳಲ್ಲೇ ಕಂದು ಗೆರೆ ಕಾಣುತ್ತಿದೆ. ಘಟಕದ ನೀರೇ ಸರಿಯಿಲ್ಲವೇ? ಕಾಯಿಸಿ ಆರಿಸಿ ಕೊಟ್ಟರೆ ಸರಿಹೋಗುತ್ತದೆಯೇ? ಅಂಗನವಾಡಿಯಲ್ಲಿ 25 ಮಕ್ಕಳಿದ್ದಾರೆ. ಅವರಿಗಾದರೂ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಕಾಯಿಸುವ ವಿಷಯ ಮೊದಲು ಮುಗಿಸಿಬಿಡೋಣ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಅದು ನೀರಿನಲ್ಲಿ ಕರಗಿರುವ ಲವಣ. ಹತ್ತು ಲೀಟರ್ ನೀರು ಕುದ್ದು ಎಂಟು ಲೀಟರಿಗೆ ಇಳಿದರೆ ನಿಮ್ಮ 3 ಮಿ.ಗ್ರಾಂ. 3.75 ಆಗುತ್ತದೆ, ಅಷ್ಟೇ. ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಯಂತ್ರ, ಬಟ್ಟೆಯಲ್ಲಿ ಸೋಸುವುದು ಇವೂ ಫ್ಲೋರೈಡ್ ತೆಗೆಯುವುದಿಲ್ಲ. ‘ನಮ್ಮ ಬೋರ್ ಸಿಹಿ ನೀರು’ ಎಂಬ ಧೈರ್ಯವೂ ಬೇಡ. ಫ್ಲೋರೈಡಿಗೆ ರುಚಿ ಇಲ್ಲ, ಬಣ್ಣ ಇಲ್ಲ. ನಿಮ್ಮ ಕಡೆಯ ಗ್ರಾನೈಟ್, ನೈಸ್ ಬಂಡೆಗಳಲ್ಲಿರುವ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಕ್ಷಾರ ಹೆಚ್ಚಿರುವ ನೀರಿನಲ್ಲಿ ಇನ್ನೂ ಚೆನ್ನಾಗಿ ಕರಗುತ್ತದೆ. ಹಾಗಾಗಿ ಬೇಳೆ ಬೇಗ ಬೇಯಿಸುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವುದು ಅಪರೂಪವಲ್ಲ.

ಈಗ ಎರಡನೇ ತರಗತಿಯ ಮಕ್ಕಳು. ಘಟಕದ ಮೇಲೆ ಅನುಮಾನ ಪಡುವ ಮುನ್ನ ಅವರ ವಯಸ್ಸಿನ ಲೆಕ್ಕ ಹಾಕಿ. ಈಗ ಏಳು ವರ್ಷ. ನೀವು ನೀರು ಬದಲಾಯಿಸಿದಾಗ ನಾಲ್ಕು. ಏಳರಲ್ಲಿ ಹೊರಬರುವ ಮೇಲಿನ ಮುಂದಿನ ಎರಡು ಹಲ್ಲುಗಳ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಹುಟ್ಟಿದ ಕೆಲವೇ ತಿಂಗಳಿಂದ ಒಸಡಿನೊಳಗೆ ತಯಾರಾಗುತ್ತಿರುತ್ತದೆ. ಒಂದೂವರೆಯಿಂದ ಮೂರು ವರ್ಷದ ನಡುವೆ ಅದಕ್ಕೆ ಫ್ಲೋರೈಡಿನ ಪೆಟ್ಟು ಅತಿ ಹೆಚ್ಚು. ಅಂದರೆ ಇಂದು ಕಾಣುವ ಗೆರೆ ಐದು ವರ್ಷದ ಹಿಂದೆ ಕುಡಿದ, ಉಂಡ ನೀರಿನದು. ಘಟಕ ಶುರುವಾಗುವ ಹೊತ್ತಿಗೆ ಆ ಹಲ್ಲುಗಳ ಕೆಲಸ ಬಹುಪಾಲು ಮುಗಿದಿತ್ತು. ಹಿಂದಿನ ದವಡೆ ಹಲ್ಲುಗಳು ಎಂಟು ವರ್ಷದವರೆಗೂ ರೂಪುಗೊಳ್ಳುತ್ತಿರುವುದರಿಂದ ನಿಮ್ಮ ಮೂರು ವರ್ಷದ ಶ್ರಮ ನೀರುಪಾಲಾಗಿಲ್ಲ. ಆದರೆ ಮುಂದಿನ ಹಲ್ಲು ಉಳಿಸಬೇಕೆಂದರೆ ಶಾಲೆಗೆ ಬಂದ ಮೇಲೆ ಶುರುಮಾಡುವುದು ತಡ. ಊರುಗಳಲ್ಲಿ ದಾನಿಗಳು ಫಿಲ್ಟರ್ ಕೊಡಿಸುವುದು ಸಾಮಾನ್ಯವಾಗಿ ಹೈಸ್ಕೂಲಿಗೆ. ಹಲ್ಲಿನ ಮಟ್ಟಿಗೆ ಅದು ಮದುವೆ ಮುಗಿದ ಮೇಲೆ ಚಪ್ಪರ ಹಾಕಿದ ಹಾಗೆ.

ಎರಡನೇ ಕಾರಣ ಅಡುಗೆಮನೆಯಲ್ಲಿದೆ. ನಮ್ಮ ಊಟ ನೀರು ಕುಡಿಯುವ ಊಟ. ಒಂದು ಪಾಲು ರಾಗಿಹಿಟ್ಟಿಗೆ ಎರಡು ಪಾಲು ನೀರು ಹೀರಿ ಮುದ್ದೆಯಾಗುತ್ತದೆ. ಅನ್ನವೂ ಹಾಗೆಯೇ. ಸಾರು, ಅಂಬಲಿ, ರಾಗಿ ಸರಿ ಇವೆಲ್ಲ ಹೆಚ್ಚುಕಡಿಮೆ ನೀರೇ. ಎರಡು ವರ್ಷದ ಮಗು ದಿನಕ್ಕೆ ಸುಮಾರು 600 ಮಿ.ಲೀ. ಕುಡಿಯುತ್ತದೆ, ಊಟದ ಮೂಲಕ ಇನ್ನೊಂದು ಅರ್ಧ ಲೀಟರ್ ಒಳಹೋಗುತ್ತದೆ ಎಂದಿಟ್ಟುಕೊಳ್ಳಿ. ಎಲ್ಲವೂ ಬೋರ್ ನೀರಾದರೆ 3.3 ಮಿ.ಗ್ರಾಂ. ಫ್ಲೋರೈಡ್. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 1.3 ಮಿ.ಗ್ರಾಂ. ದಾಟಬಾರದು ಎಂಬುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1997ರಲ್ಲಿ ಹಾಕಿದ ಗೆರೆ. ಈಗ ಕುಡಿಯುವುದಕ್ಕೆ ಮಾತ್ರ ಘಟಕದ ನೀರು ಕೊಡಿ, ಅದರಲ್ಲಿ 0.3 ಮಿ.ಗ್ರಾಂ. ಇದೆ ಎನ್ನೋಣ. ಕುಡಿದದ್ದರಿಂದ 0.18, ಊಟದಿಂದ 1.5. ಒಟ್ಟು 1.68, ಇನ್ನೂ ಗೆರೆಯ ಆಚೆಗೇ. ಅಡುಗೆಗೂ ಅದೇ ನೀರು ಬಳಸಿದರೆ 0.33ಕ್ಕೆ ಇಳಿಯುತ್ತದೆ. ಕೊಡದಲ್ಲಿರುವ ನೀರು ಬದಲಾಗಿ ಪಾತ್ರೆಯೊಳಗಿನ ನೀರು ಬದಲಾಗದಿದ್ದರೆ ಚಿಕ್ಕ ಮಕ್ಕಳ ಮಟ್ಟಿಗೆ ಅರ್ಧ ಕೆಲಸವೂ ಆಗಿಲ್ಲ.

‘ಅಡುಗೆಗೂ ಕೊಂಡ ನೀರು ಅಂದರೆ ಯಾರಿಗೆ ಪೂರೈಸುತ್ತೆ?’ ಎಂದು ಮನೆಗಳಲ್ಲಿ ಕೇಳುತ್ತಾರೆ. ಸ್ನಾನ, ಬಟ್ಟೆ, ಪಾತ್ರೆ ತೊಳೆಯುವುದು, ಅಕ್ಕಿ-ತರಕಾರಿ ಮೊದಲ ಸಲ ತೊಳೆಯುವುದು ಎಲ್ಲವೂ ಬೋರ್ ನೀರಲ್ಲೇ ಆಗಲಿ. ಚರ್ಮದ ಮೂಲಕ ಫ್ಲೋರೈಡ್ ಮೈಗೆ ಸೇರುವುದಿಲ್ಲ. ಐದು ಜನರ ಮನೆಗೆ ಕುಡಿಯಲು ಹತ್ತು, ಒಲೆಯ ಮೇಲಿಡಲು ಹತ್ತು ಲೀಟರ್, ಅಂದರೆ ದಿನಕ್ಕೆ 20 ಲೀಟರಿನ ಒಂದು ಕ್ಯಾನ್. ಅಷ್ಟೂ ಆಗದ ಮನೆಯಲ್ಲಿ ದೊಡ್ಡವರದನ್ನು ಬಿಟ್ಟು ಮೂರು ವರ್ಷದೊಳಗಿನ ಮಗುವಿನ ಸರಿ, ಗಂಜಿ, ಹಾಲಿಗೆ ಸೇರಿಸುವ ನೀರು ಮೊದಲು ಬದಲಾಗಲಿ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ ಎನ್ನುವುದಕ್ಕೆ ನಿಮ್ಮ ಊರಿನಲ್ಲಿ ಇನ್ನೊಂದು ಕಾರಣವೂ ಇದೆ. ತಾಯಿ ಬೋರ್ ನೀರನ್ನೇ ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ಅತ್ಯಲ್ಪ. ಡಬ್ಬಿ ಹಾಲಿನ ಪುಡಿಯನ್ನು ಬೋರ್ ನೀರಲ್ಲಿ ಕಲಸಿದರೆ ಆ ರಕ್ಷಣೆ ಹೋಯಿತು.

ಪುಡಿ ಎಂದಾಗ ಶಾಲೆಯ ಹಾಲು ನೆನಪಾಗಬೇಕು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಶಾಲೆಗೆ ಪುಡಿಯಾಗಿ ಬರುತ್ತದೆ. 18 ಗ್ರಾಂ ಪುಡಿಗೆ ನೀರು ಸೇರಿಸಿ ಪ್ರತಿ ಮಗುವಿಗೆ 150 ಮಿ.ಲೀ. ಮಾಡುತ್ತಾರೆ. ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದಿಟ್ಟು ಮೈಗೆ ಸೇರದಂತೆ ತಡೆಯುತ್ತದೆ, ಬಹಳ ಉಪಕಾರಿ. ಅಂಥ ಹಾಲನ್ನು ಬೋರ್ ನೀರಲ್ಲಿ ಕಲಸಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಬಿಸಿಯೂಟದ ಅಕ್ಕಂದಿರನ್ನು ಒಮ್ಮೆ ಕೇಳಿ ನೋಡಿ: ಮಕ್ಕಳು ಕುಡಿಯುವ ಕ್ಯಾನ್ ಬೇರೆ, ಹಾಲು ಕಾಯಿಸುವ ಮತ್ತು ಬೇಳೆ ಬೇಯಿಸುವ ನಲ್ಲಿ ಬೇರೆ ಇರುವ ಶಾಲೆಗಳುಂಟು.

ಘಟಕದ ನೀರು ಸರಿಯಿದೆಯೇ ಎಂಬುದಕ್ಕೆ ಬರೋಣ. ಕಾರಣ ಬೇರೆ ಎಂದಮಾತ್ರಕ್ಕೆ ಘಟಕಕ್ಕೆ ಪ್ರಮಾಣಪತ್ರ ಕೊಟ್ಟಂತಾಗಲಿಲ್ಲ. ಅಲ್ಲಿರುವುದು ಆರ್‌ಒ. ಅದು ಮೆಂಬ್ರೇನ್ ಎಂಬ ಸೂಕ್ಷ್ಮ ಪರದೆಯ ಮೂಲಕ ನೀರನ್ನು ಒತ್ತಿ ಸೋಸುವ ಯಂತ್ರ. ಮೆಂಬ್ರೇನ್ ಚೆನ್ನಾಗಿದ್ದರೆ ಫ್ಲೋರೈಡಿನ ನೂರಕ್ಕೆ 85–95 ಭಾಗ ತೆಗೆಯುತ್ತದೆ. ಕೆಡುವುದು ಮೂರು ಕಡೆ. ಮೊದಲನೆಯದು ಮೆಂಬ್ರೇನೇ. ಗಡಸು ನೀರಿನ ಸುಣ್ಣ ಕಟ್ಟದಂತೆ ಹನಿಸುವ ಆಂಟಿಸ್ಕೇಲೆಂಟ್ ದ್ರಾವಣ ಮುಗಿದು ತಿಂಗಳಾದರೂ ಯಾರೂ ತುಂಬಿರುವುದಿಲ್ಲ. ಮರಳಿನ ಫಿಲ್ಟರಿಗೆ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯುವ ಬ್ಯಾಕ್‌ವಾಶ್ ಕೊಡುವುದಿಲ್ಲ. ಎರಡು ಮೂರು ವರ್ಷ ಬರಬೇಕಾದ ಮೆಂಬ್ರೇನ್ ವರ್ಷಕ್ಕೇ ಕೈಕೊಡುತ್ತದೆ. ಇದನ್ನು ಹಿಡಿಯಲು ಕೆಲವು ನೂರು ರೂಪಾಯಿಯ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೀಟರ್ ಸಾಕು, ಆದರೆ ಓದುವ ಕ್ರಮ ಗೊತ್ತಿರಬೇಕು. ಟಿಡಿಎಸ್ ಎಷ್ಟಿದೆ ಎನ್ನುವುದು ಫ್ಲೋರೈಡ್ ಎಷ್ಟಿದೆ ಎಂದು ಹೇಳುವುದಿಲ್ಲ. ಟಿಡಿಎಸ್ 500 ಇರುವ ನೀರಿನಲ್ಲಿ ಫ್ಲೋರೈಡ್ 3 ಇರಬಹುದು, 1500 ಇರುವುದರಲ್ಲಿ 0.8 ಇರಬಹುದು. ನೋಡಬೇಕಾದದ್ದು ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಇರುವ ಅಂತರ. ಒಳಗೆ 900, ಹೊರಗೆ 80 ಇದ್ದರೆ ಮೆಂಬ್ರೇನ್ ಗಟ್ಟಿ. ಅದೇ ಘಟಕದಲ್ಲಿ ಹೊರಗಿನದು 250ಕ್ಕೆ ಏರಿದೆ ಎಂದರೆ ಫ್ಲೋರೈಡೂ ನುಸುಳುತ್ತಿದೆ ಎಂದೇ ತಿಳಿಯಿರಿ. ತಿಂಗಳಿಗೊಮ್ಮೆ ಎರಡೂ ಅಂಕಿಯನ್ನು ಘಟಕದ ಗೋಡೆಯ ಮೇಲೆ ಬರೆಸಿ.

ಆದರೆ ಅಂತರ ಕಡಿಮೆಯಾಗಲು ಎರಡನೆಯ, ಹೆಚ್ಚು ಮಾಮೂಲಿಯಾದ ಕಾರಣವೊಂದಿದೆ: ಮಿಕ್ಸಿಂಗ್ ವಾಲ್ವ್. ‘ನೀರು ಸಪ್ಪೆ’, ‘ಈ ನೀರು ಕುಡಿದು ಮಂಡಿನೋವು ಬಂತು’ ಎಂದು ಜನ ದೂರಿದಾಗ ಘಟಕ ನೋಡಿಕೊಳ್ಳುವವರು ಸಣ್ಣ ವಾಲ್ವ್ ತಿರುಗಿಸಿ ಶುದ್ಧವಾದ ನೀರಿಗೆ ಬೋರ್ ನೀರು ಬೆರೆಸುತ್ತಾರೆ. ನಿಮ್ಮ 3 ಮಿ.ಗ್ರಾಂ. ನೀರನ್ನು ಕಾಲು ಪಾಲು ಬೆರೆಸಿದರೆ ಕ್ಯಾನಿನಲ್ಲಿ ಫ್ಲೋರೈಡ್ ಹತ್ತಿರಹತ್ತಿರ 1. ಅರ್ಧ ಬೆರೆಸಿದರೆ 1.65. ಭಾರತೀಯ ಮಾನಕದಲ್ಲಿ ಒಪ್ಪುವ ಮಿತಿ 1, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5. ಬೇರೆ ಊರುಗಳಲ್ಲಿ ನಡೆಯುವ ಈ ಬೆರಕೆ ಫ್ಲೋರೈಡ್ ಊರಿನಲ್ಲಿ ನಡೆಯಬಾರದು. ವಾಲ್ವ್ ಮುಚ್ಚಿ, ಹಿಡಿ ತೆಗೆದಿಡಲಿ. ಸಪ್ಪೆ ನೀರಿನಿಂದ ಮಂಡಿನೋವು ಎಂಬುದು ಜನರ ಊಹೆ. ಮಂಡಿ, ಸೊಂಟ ಹಿಡಿಯುವುದಕ್ಕೆ ಹಲವು ವರ್ಷ ಕುಡಿದ ಫ್ಲೋರೈಡ್ ನೀರೇ ಕಾರಣವಿರಬಹುದು, ದೂರು ಮಾತ್ರ ಘಟಕದ ಮೇಲೆ ಬೀಳುತ್ತದೆ.

ಮೂರನೆಯದು ಹೊರಬಿಡುವ ನೀರು. ಅರ್ಧದಷ್ಟು ನೀರನ್ನು ಘಟಕ ಹೊರಚೆಲ್ಲುತ್ತದೆ ಎಂದರೆ ಅದರಲ್ಲಿ ಫ್ಲೋರೈಡ್ 5.7ರ ಆಸುಪಾಸು. ಅದನ್ನು ದನಗಳ ತೊಟ್ಟಿಗೆ ತಿರುಗಿಸಿರುವುದನ್ನು ಎಷ್ಟೋ ಕಡೆ ಕಾಣಬಹುದು. ದನಗಳಿಗೂ ಹಲ್ಲು ಸವೆದು, ಮೂಳೆ ಬಾತು ಕುಂಟು ಬರುತ್ತದೆ. ಶೌಚಾಲಯಕ್ಕೆ, ನೆಲ ತೊಳೆಯಲು ಕೊಡಿ.

ಇನ್ನೊಂದು ಎಚ್ಚರ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ಕೊಳಕು ಕ್ಯಾನಿಗೆ ಬಿದ್ದರೆ ಬೇಗ ಕೆಡುತ್ತದೆ. ಬಾಯಿ ಚಿಕ್ಕದಾದ ಕ್ಯಾನಿನೊಳಗೆ ಕೈ ಹೋಗುವುದಿಲ್ಲ, ಪಾಚಿ ಕಟ್ಟುತ್ತದೆ. ವಾರಕ್ಕೊಮ್ಮೆ ಎರಡು ಹಿಡಿ ದಪ್ಪ ಮರಳೂ ಸ್ವಲ್ಪ ಸೋಪೂ ಹಾಕಿ ಕುಲುಕಿ ತೊಳೆಯಿರಿ. ಅಂಗನವಾಡಿಯಲ್ಲಿ ಲೋಟ ಅದ್ದುವ ಪಾತ್ರೆ ಬೇಡ, ನಲ್ಲಿ ಇರುವ ಡ್ರಮ್ಮೇ ಬೇಕು. ಫ್ಲೋರೈಡ್ ತಪ್ಪಿಸಲು ಹೋಗಿ ವಾಂತಿಭೇದಿ ತಂದುಕೊಳ್ಳಬಾರದಲ್ಲ.

ಪರೀಕ್ಷೆ ಮಾಡಿಸುವಾಗ ಘಟಕದ ನೀರು, ಬೋರ್ ನೀರು, ಅಂಗನವಾಡಿಯ ನಲ್ಲಿ ಮೂರನ್ನೂ ಬೇರೆಬೇರೆ ಕಳುಹಿಸಿ. ಖಾಲಿ ನೀರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಗಾಜು ಬೇಡ, ಫ್ಲೋರೈಡ್ ಗಾಜಿನೊಂದಿಗೆ ಪ್ರತಿಕ್ರಿಯಿಸುತ್ತದೆ. ಮೋಟಾರ್ ಹತ್ತು ನಿಮಿಷ ಓಡಿದ ಮೇಲೆ ಅದೇ ನೀರಿನಲ್ಲಿ ಮೂರು ಸಲ ಬಾಟಲಿ ತೊಳೆದು ತುಂಬಿ, ದಿನಾಂಕ, ಜಾಗ ಬರೆದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ರೋಗಾಣು ಪರೀಕ್ಷೆಯ ಬಾಟಲಿ ಬೇರೆ, ಅದನ್ನು ಅವರೇ ಕೊಡಬೇಕು. ಪಂಚಾಯಿತಿಗಳಲ್ಲಿರುವ ಬಣ್ಣ ನೋಡುವ ಪರೀಕ್ಷಾ ಕಿಟ್‌ನಿಂದ ಫ್ಲೋರೈಡ್ ಹೆಚ್ಚಿದೆಯೇ ಇಲ್ಲವೇ ತಿಳಿಯುತ್ತದೆ. ಒಂದಕ್ಕೂ ಎರಡಕ್ಕೂ ನಡುವಿನ ಬಣ್ಣವನ್ನು ಕಣ್ಣಿನಿಂದ ನಿರ್ಧರಿಸಲು ಹೋಗಬೇಡಿ. ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೋಡಿಸಿ. ಮುಂದೆ ಬಹುಗ್ರಾಮ ಯೋಜನೆಯಲ್ಲಿ ಹೊಳೆ ಅಥವಾ ಡ್ಯಾಮಿನ ನೀರು ಬಂತು ಎಂದು ಪರೀಕ್ಷೆ ನಿಲ್ಲಿಸಲೂ ಬೇಡಿ. ಪೈಪ್ ಒಡೆದ ದಿನ, ಕರೆಂಟ್ ಇಲ್ಲದ ದಿನ ನೀರುಗಂಟಿ ಅದೇ ಓವರ್‌ಹೆಡ್ ಟ್ಯಾಂಕಿಗೆ ಬೋರ್ ನೀರು ಬಿಡುವುದುಂಟು. ಮಾದರಿ ತೆಗೆಯಬೇಕಾದ್ದು ನಲ್ಲಿಯಲ್ಲಿ.

ಅಂಗನವಾಡಿಗೆ ಘಟಕದ ಕ್ಯಾನ್ ಸಾಕಾಗಬಹುದು. ಆದರೆ ಘಟಕ ಕೆಟ್ಟು ಹದಿನೈದು ದಿನ ನಿಂತರೆ ಮಕ್ಕಳು ಮತ್ತೆ ಬೋರ್ ನೀರಿಗೇ ಬರುತ್ತಾರೆ. ಆದ್ದರಿಂದ ಅಂಗನವಾಡಿ ಕಟ್ಟಡದ ಚಾವಣಿಯ ಮಳೆನೀರು ನನ್ನ ಮೊದಲ ಆಯ್ಕೆ. ನೆಲದೊಳಗಿನ ಬಂಡೆಗಳಿಗೆ ಇಳಿಯದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಚಿತ್ರದುರ್ಗದ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ತುಂಬುತ್ತಿದ್ದುದೂ ಬಂಡೆಯ ಮೇಲಿನಿಂದ ಹರಿದ ಮಳೆಯಿಂದಲೇ. ಚಳ್ಳಕೆರೆಯಂಥ ಬರದ ಸೀಮೆಯಲ್ಲಿ ಇದು ಆಗುವ ಮಾತೇ ಎನ್ನುವವರಿಗೆ ಲೆಕ್ಕ ಇಲ್ಲಿದೆ. 25 ಮಕ್ಕಳಿಗೆ ಕುಡಿಯಲು, ಅಡುಗೆಗೆ ತಲಾ 2 ಲೀಟರ್, ದಿನಕ್ಕೆ 50. ವರ್ಷಕ್ಕೆ 290 ದಿನ ತೆರೆದರೆ 14,500 ಲೀಟರ್. ಕಟ್ಟಡದ ಚಾವಣಿ 500 ಚದರ ಅಡಿ ಅಂದರೆ 46 ಚದರ ಮೀಟರ್. ಮಳೆ 450 ಮಿ.ಮೀ. ಎಂದು ಹಿಡಿದು, ಐದರಲ್ಲಿ ಒಂದು ಪಾಲು ನಷ್ಟ ಕಳೆದರೂ ಸುಮಾರು 16,500 ಲೀಟರ್ ಸಿಗುತ್ತದೆ. ನಿಮ್ಮಲ್ಲಿ ಮಳೆಯ ಮುಖ್ಯ ಕಾಲ ಸೆಪ್ಟೆಂಬರ್-ಅಕ್ಟೋಬರ್. ಆಗ ತುಂಬಿದ ಟ್ಯಾಂಕ್ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಐದು ತಿಂಗಳು ಬರಬೇಕು: 6,250 ಲೀಟರ್. 5,000ದ್ದೊಂದು, 2,000ದ್ದೊಂದು ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಇಟ್ಟರೆ ಆಯಿತು. ಮಳೆ ಕೈಕೊಟ್ಟ ವರ್ಷಕ್ಕೆ ಘಟಕದ ಕ್ಯಾನ್ ಇದ್ದೇ ಇದೆ.

ಮಳೆನೀರಿನ ಟ್ಯಾಂಕ್‌ಗಳು ಸೋಲುವುದು ಒಂದೇ ಜಾಗದಲ್ಲಿ, ಮೊದಲ ನೀರನ್ನು ಹೊರಬಿಡುವ ಏರ್ಪಾಡಿನಲ್ಲಿ. ಧೂಳು, ಪಾರಿವಾಳದ ಹಿಕ್ಕೆ, ಬೇವಿನೆಲೆ ಎಲ್ಲ ಮೊದಲ ಒಂದು ಮಿಲಿಮೀಟರ್ ಮಳೆಯಲ್ಲಿ ಇಳಿಯುತ್ತವೆ. ನಿಮ್ಮ ಚಾವಣಿಗೆ ಅದು 46 ಲೀಟರ್. ಆರು ಇಂಚಿನ ಪಿವಿಸಿ ಪೈಪಿನ ಒಂದು ಮೀಟರಿನಲ್ಲಿ 18 ಲೀಟರ್ ಹಿಡಿಯುತ್ತದೆ. ಇಳಿಪೈಪಿಗೆ ‘ಟಿ’ ಹಾಕಿ, ಆರಿಂಚಿನ ಮೂರು ಮೀಟರ್ ಪೈಪನ್ನು ಕೆಳಗೆ ಇಳಿಬಿಟ್ಟು ತುದಿಗೆ ತಿರುಪಿನ ಮುಚ್ಚಳ ಹಾಕಿ. ಅದು ತುಂಬಿದ ಮೇಲಷ್ಟೇ ನೀರು ಟ್ಯಾಂಕಿಗೆ ತಿರುಗುತ್ತದೆ. ಪ್ರತಿ ಮಳೆಯ ನಂತರ ಮುಚ್ಚಳ ಬಿಚ್ಚಿ ಖಾಲಿ ಮಾಡಬೇಕು, ಯಾರೂ ಮಾಡುವುದಿಲ್ಲ. ಹಾಗಾಗಿ ಮುಚ್ಚಳಕ್ಕೆ 4 ಮಿ.ಮೀ. ತೂತು ಕೊರೆಸಿ, ತಾನೇ ಸೋರಿ ಖಾಲಿಯಾಗಲಿ. ತೂತಿಗೆ ಕಸ ಕಟ್ಟಿದೆಯೇ ಎಂದು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಟ್ಯಾಂಕಿಗೆ ಮುಂಚೆ 200 ಲೀಟರಿನ ಡ್ರಮ್ಮಿನಲ್ಲಿ ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ನೈಲಾನ್ ಬಲೆ, ಮೇಲ್ಭಾಗಕ್ಕೆ ತೊಳೆದ ದಪ್ಪ ಮರಳು. ನಲ್ಲಿ ಟ್ಯಾಂಕಿನ ತಳದಿಂದ ಒಂದು ಗೇಣಿನಷ್ಟು ಮೇಲಿರಲಿ, ಕೆಸರು ತಳದಲ್ಲೇ ಉಳಿಯುತ್ತದೆ. ಉಕ್ಕಿ ಹರಿಯುವ ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿ, ಇಲ್ಲದಿದ್ದರೆ ಡೆಂಗಿಯ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ಟ್ಯಾಂಕಿನ ಮುಚ್ಚಳಕ್ಕೆ, ನಲ್ಲಿಗೆ ಬೀಗ ಹಾಕಿ. ಮದುವೆ, ಜಾತ್ರೆ ಬಂದರೆ ಐದು ತಿಂಗಳ ನೀರು ಒಂದೇ ದಿನ ಖಾಲಿಯಾಗುವುದುಂಟು. ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ. ಏಳು ಸಾವಿರ ಲೀಟರಿಗೆ 17–18 ಗ್ರಾಂ ತೂಕ ಮಾಡಿ, ಒಂದು ಬಕೆಟ್ ನೀರಿನಲ್ಲಿ ಕದಡಿ, ಕಾಲು ಗಂಟೆ ಬಿಟ್ಟು ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಿರಿ. ಅರ್ಧ ಗಂಟೆಯ ಮೇಲೆ ಕ್ಲೋರಿನ್ 0.2 ಮಿ.ಗ್ರಾಂ.ಗಿಂತ ಕಡಿಮೆ ತೋರಿಸಬಾರದು. ಬಾಯಿ ತೆರೆದ ಚೀಲದ ಹಳೆಯ ಪೌಡರಿನಲ್ಲಿ ಸತ್ವ ಇರುವುದಿಲ್ಲ. ಚಾವಣಿ ಆಸ್ಬೆಸ್ಟಾಸ್ ಶೀಟಿನದಾದರೆ ಈ ಯೋಜನೆ ಬೇಡ.

ಸ್ಫಟಿಕ (ಆಲಂ), ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನದ ಬಗ್ಗೆ ಯಾರಾದರೂ ಹೇಳಿಯಾರು. ಅದು ಕೆಲಸ ಮಾಡುತ್ತದೆ, ಆದರೆ ಪ್ರತಿ ನೀರಿನ ಕ್ಷಾರ ನೋಡಿ ಪ್ರಮಾಣ ಕಟ್ಟಬೇಕು. ಅಂದಾಜಿಗೆ ಹಾಕಿದರೆ ನೀರಿನಲ್ಲಿ ಅಲ್ಯುಮಿನಿಯಂ ಉಳಿಯುತ್ತದೆ. ಅಂಗನವಾಡಿ ಟೀಚರ್ ತಲೆಗೆ ಈ ಕೆಲಸ ಕಟ್ಟಬೇಡಿ. ಫ್ಲೋರೈಡನ್ನು ಹಿಡಿದುಕೊಳ್ಳುವ ಹರಳು, ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಮನೆ ಫಿಲ್ಟರ್ ಇದಕ್ಕಿಂತ ಮೇಲು. ಮೂರು ಕೆ.ಜಿ. ಹರಳು ಹಾಕಿದ ಫಿಲ್ಟರ್ ನಿಮ್ಮಂಥ ನೀರಿನಲ್ಲಿ ಸಾವಿರ ಲೀಟರಿನ ಸುಮಾರಿಗೆ ದಣಿಯುತ್ತದೆ. ದಿನಕ್ಕೆ 20 ಲೀಟರಾದರೆ ಐವತ್ತು ದಿನ. ಆಮೇಲೆ ಕಾಸ್ಟಿಕ್ ಸೋಡ, ಆಸಿಡ್‌ನಲ್ಲಿ ಹರಳನ್ನು ಮತ್ತೆ ಸಜ್ಜುಗೊಳಿಸಬೇಕು, ಅದು ಮಕ್ಕಳಿರುವ ಜಾಗದಲ್ಲಿ ಆಗುವ ಕೆಲಸವಲ್ಲ. ತೆಗೆದುಕೊಂಡು ಹೋಗಿ ಸಜ್ಜುಮಾಡಿ ಕೊಡುವವರು ಸಿಕ್ಕರೆ ಮಾತ್ರ ಕೊಳ್ಳಿ.

ಊಟದಲ್ಲಿ ರಾಗಿ, ಹಾಲು-ಮೊಸರು, ಎಳ್ಳು, ನುಗ್ಗೆಸೊಪ್ಪು, ಜೊತೆಗೆ ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆ ಇದ್ದರೆ ಫ್ಲೋರೈಡಿನ ಕಾಟ ತಗ್ಗುತ್ತದೆ. ಕ್ಯಾಲ್ಸಿಯಂ ಕೊರತೆಯಿರುವ ಮಗುವಿನಲ್ಲಿ ಅದೇ ಫ್ಲೋರೈಡ್ ಮೂಳೆಯನ್ನು ಹೆಚ್ಚು ಕೆಡಿಸಿ ಮಂಡಿಗಳು ಒಳಕ್ಕೆ ಬಾಗಬಹುದು. ಚಿಕ್ಕವರಿಗೆ ಟೀ ಬೇಡ, ಟೀಪುಡಿಯಲ್ಲೇ ಫ್ಲೋರೈಡಿದೆ. ಪಾನಕಕ್ಕೆ, ಚುರುಮುರಿಗೆ ಹಾಕುವ ಕಪ್ಪುಪ್ಪಿನಲ್ಲೂ ಇದೆ. ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನು ಮೂರು ವರ್ಷದೊಳಗಿನವರಿಗೆ ಕೊಡಬೇಡಿ. ಆರರೊಳಗಿನವರಿಗೆ ಬಟಾಣಿ ಕಾಳಿಗಿಂತ ಹೆಚ್ಚು ಬೇಡ, ಉಗುಳುವವರೆಗೆ ಪಕ್ಕದಲ್ಲಿ ನಿಲ್ಲಿ.

ಈಗಾಗಲೇ ಗೆರೆ ಬಂದ ಹಲ್ಲುಗಳದು ಫ್ಲೋರೋಸಿಸ್ (ಅತಿ ಫ್ಲೋರೈಡಿನಿಂದ ಬರುವ ತೊಂದರೆ) ಹೌದೇ ಎಂದು ಮೊದಲು ಖಚಿತವಾಗಲಿ. ಎರಡೂ ಕಡೆಯ ಹಲ್ಲುಗಳಲ್ಲಿ ಸಮನಾಗಿ, ಅಡ್ಡಡ್ಡವಾಗಿ, ಸುಣ್ಣದಂಥ ಬಿಳಿ ಅಥವಾ ಕಂದು ಪಟ್ಟೆ ಇದ್ದರೆ ಬಹುತೇಕ ಅದೇ. ಒಂದೇ ಹಲ್ಲಿನಲ್ಲಿ ಕಪ್ಪು ಕುಳಿ ಎಂದರೆ ಹುಳುಕು. ಫ್ಲೋರೋಸಿಸ್‌ನ ಕಲೆ ಎನಾಮಲ್‌ನ ಒಳಗಿರುವುದರಿಂದ ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ಹಾಕಿ ಉಜ್ಜಿದರೆ ಹಲ್ಲು ಸವೆಯುತ್ತದೆ, ಕಲೆ ಹೋಗುವುದಿಲ್ಲ. ತೆಳು ಗೆರೆಯನ್ನು ಹಾಗೇ ಬಿಡಬಹುದು. ಗುಳಿ ಬಿದ್ದಿದ್ದರೆ, ಮಗು ನಗಲು ಬಾಯಿ ಮುಚ್ಚಿಕೊಳ್ಳುತ್ತಿದ್ದರೆ ಚಿತ್ರದುರ್ಗ ಅಥವಾ ದಾವಣಗೆರೆಯ ದಂತ ವೈದ್ಯಕೀಯ ಕಾಲೇಜಿಗೆ ತೋರಿಸಿ. ಮೇಲ್ಪದರ ನಯಮಾಡುವುದು, ಹಲ್ಲಿನ ಬಣ್ಣದ ಲೇಪ ಕೊಡುವುದು ಅಲ್ಲಿ ಆಗುತ್ತದೆ. ಮಂಡಿ ಬಾಗಿದ, ಗದ್ದವನ್ನು ಎದೆಗೆ ತಾಗಿಸಲಾಗದ, ಮಂಡಿ ಮಡಚದೆ ಕಾಲ್ಬೆರಳು ಮುಟ್ಟಲಾಗದ ಮಕ್ಕಳನ್ನು ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ವಿಟಮಿನ್ ಡಿ ಕೊರತೆಯೂ ಹೀಗೇ ಕಾಣುತ್ತದೆ, ಅದಕ್ಕೆ ಮದ್ದಿದೆ.

ಕೊನೆಗೆ, ನೀರು ಬದಲಾಯಿಸಿದ್ದು ಫಲಿಸಿತೇ ಎಂದು ತಿಳಿಯುವುದು ಹೇಗೆ? ಹಲ್ಲು ನೋಡಿ ತಿಳಿಯಲು ಹೋದರೆ ಇಂದಿನ ಒಂದು ವರ್ಷದ ಮಗುವಿಗೆ ಏಳಾಗುವವರೆಗೆ ಕಾಯಬೇಕು. ನಡುವೆ ಬರುವ ಹಲ್ಲುಗಳಲ್ಲಿ ಹಳೆಯ ನೀರಿನ ಗೆರೆ ಕಂಡು ‘ಇಷ್ಟೆಲ್ಲ ಮಾಡಿ ಏನು ಬಂತು’ ಎಂದು ಊರು ಕೈಬಿಡುತ್ತದೆ. ಮೂತ್ರದ ಫ್ಲೋರೈಡ್ ಪರೀಕ್ಷೆ ಬೇಗ ಹೇಳುತ್ತದೆ. ಬೋರ್ ನೀರು ನಿಲ್ಲಿಸಿದ ಕೆಲವು ವಾರಗಳಲ್ಲೇ ಅದು ಇಳಿಯಲು ಶುರುವಾಗುತ್ತದೆ, ಲೀಟರಿಗೆ 1 ಮಿ.ಗ್ರಾಂ.ನ ಆಸುಪಾಸಿಗೆ ಬರಬೇಕು. 2008–09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಕಾರ್ಯಕ್ರಮದಲ್ಲಿ ಈ ಪರೀಕ್ಷೆಗೆ ಅವಕಾಶವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಮೂಲಕ ಜಿಲ್ಲಾ ಆಸ್ಪತ್ರೆಗೆ ಬರೆಯಿರಿ. ಅಂಗನವಾಡಿಯ ಹತ್ತು ಮಕ್ಕಳ ಮಾದರಿಯನ್ನು ನೀರು ಬದಲಾಯಿಸುವ ಮುನ್ನ ಒಮ್ಮೆ, ಮೂರು ತಿಂಗಳಾದ ಮೇಲೆ ಅದೇ ಹತ್ತು ಮಕ್ಕಳದ್ದು ಇನ್ನೊಮ್ಮೆ ಕಳುಹಿಸಿ. ಇಳಿಯದಿದ್ದರೆ ಯಾವುದೋ ಪಾತ್ರೆಗೆ ಇನ್ನೂ ಬೋರ್ ನೀರು ಬೀಳುತ್ತಿದೆ. ಹುಡುಕುವುದನ್ನು ಅಂಗನವಾಡಿಯ ಒಲೆಯಿಂದ ಶುರುಮಾಡಿ, ಆಮೇಲೆ ಆ ಮಕ್ಕಳ ಮನೆಯ ಒಲೆ ನೋಡಿ.